ಕುಟ್ಟಾಣಿ ಬಿದ್ದ ಜಾಗ

ಕಾರಿನ ಮೈಯನ್ನು ಕಣ್ಣಿನಿಂದ ನೋಡುವವನು ಗಿರಾಕಿ, ಕೈಯಿಂದ ನೋಡುವವನು ಟಿಂಕರ್. ಕಂಕನಾಡಿಯ ಗ್ಯಾರೇಜಿನಲ್ಲಿ ನನಗೆ ತಗಡಿನ ಕೆಲಸ ಕಲಿಸಿದ ಮೇಸ್ತ್ರಿ ಇದನ್ನು ಎಷ್ಟು ಸಲ ಹೇಳಿದ್ದರೋ ಗೊತ್ತಿಲ್ಲ. ಬಲಗೈ ಸುತ್ತಿಗೆ ಹಿಡಿದು ಒರಟಾಗುತ್ತದೆ, ಆದ್ದರಿಂದ ಎಡಗೈಯನ್ನು ಜೋಪಾನ ಮಾಡಬೇಕು. ಹಳೇ ಬನಿಯನ್ನಿನ ತುಂಡೊಂದನ್ನು ಎಡ ಅಂಗೈಯ ಕೆಳಗಿಟ್ಟುಕೊಂಡು, ಕಣ್ಣು ಮುಚ್ಚಿ, ಬಾಗಿಲಿನ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸವರಬೇಕು. ಬಟ್ಟೆಯಿಲ್ಲದಿದ್ದರೆ ಬೆವರಿಗೆ ಕೈ ಅಂಟಿ ಸುಳ್ಳು ಹೇಳುತ್ತದೆ. ಬಟ್ಟೆಯಿದ್ದರೆ ಕಾಗದದ ದಪ್ಪದಷ್ಟು ತಗ್ಗಿದ್ದರೂ ಸಿಗುತ್ತದೆ. ಸಿಕ್ಕಿದ ತಗ್ಗಿಗೆ ಸೀಮೆಸುಣ್ಣದಿಂದ ಗುರುತು ಹಾಕುವಂತಿರಲಿಲ್ಲ. ಗುರುತು ಹಾಕುವವನಿಗೆ ತನ್ನ ಕೈಯ ಮೇಲೆ ನಂಬಿಕೆಯಿಲ್ಲ ಎಂದು ಅರ್ಥ. ನಾನು ಹಾಕಿದ್ದನ್ನು ಕಂಡರೆ ಮೇಸ್ತ್ರಿ ಲುಂಗಿಯ ತುದಿಯಿಂದ ಒರೆಸಿ, "ಈಗ ಹುಡುಕು" ಎನ್ನುತ್ತಿದ್ದರು.

ಆ ಕೈಯನ್ನು ನಂಬಿಕೊಂಡೇ ನಾನು ಬಹರೈನಿಗೆ ಬಂದೆ. ಟುಬ್ಲಿಯ ಗ್ಯಾರೇಜುಗಳ ಸಾಲಿನಲ್ಲಿ ಎರಡು ಶಟರಿನ ಒಂದು ಗ್ಯಾರೇಜು ನಮ್ಮದು. ನಮ್ಮದು ಎನ್ನುವುದು ಬಾಯಿಮಾತು. ಹೆಸರು ಕಫೀಲನದು, ಎಂದರೆ ನಮಗೆ ವೀಸಾ ಕೊಟ್ಟ ಅಲ್ಲಿನ ಮಾಲೀಕನದು, ಅವನು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ. ನಡೆಸುತ್ತಿದ್ದವರು ಉಳ್ಳಾಲದ ಕಡೆಯ ಒಬ್ಬರು ಬ್ಯಾರಿ, ಎಂಜಿನ್ ಕೆಲಸದಲ್ಲಿ ಪಳಗಿದವರು, ನನಗಿಂತ ಹತ್ತು ವರ್ಷ ಹಿರಿಯರು. ನಾವೆಲ್ಲ ಅವರನ್ನು ಕಾಕ ಎಂದು ಕರೆಯುತ್ತಿದ್ದೆವು. ಎಂಜಿನ್ ಅವರಿಗೆ, ಮೈ ನನಗೆ. ಜಗಳ ಇಬ್ಬರಿಗೂ. ನನ್ನ ನಾಲಿಗೆ ಆಗ ಸ್ವಲ್ಪ ಉದ್ದ. ಪೇಂಟು ತೆಳ್ಳಗಾದರೆ ಜಗಳ, ಚಾಕ್ಕೆ ಸಕ್ಕರೆ ಜಾಸ್ತಿಯಾದರೆ ಜಗಳ. ಗಿರಾಕಿ ಅಂಗಡಿಯ ಪುಟ್ಟಿ ತಂದು "ಇದನ್ನೇ ಹಚ್ಚು" ಎಂದರೆ ಅವನನ್ನೇ ಹೊರಗೆ ಕಳಿಸಿದ್ದುಂಟು. ಪುಟ್ಟಿ ಎಂದರೆ ತಗ್ಗಿಗೆ ಮೆತ್ತಿ ಮರೆಮಾಡುವ ಲೇಪ. ನಾನು ಅದನ್ನು ಮುಟ್ಟುವವನಲ್ಲ. ತಗಡನ್ನು ಹಿಂದಿನಿಂದ ಎತ್ತಿ ತನ್ನ ಜಾಗಕ್ಕೆ ತರುವವನು ನಾನು ಎಂಬ ಜಂಬ ನನಗಿತ್ತು.

ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಟುಬ್ಲಿಯ ರಸ್ತೆಗೆ ಹೊಸ ಸದ್ದು ಬಂತು. ಅಮೆರಿಕದ ಕಾರು ಕಂಪನಿಗಳು ಒಂದರ ಹಿಂದೊಂದು ತಮ್ಮ ಹಳೇ ಮಸಲ್ ಕಾರುಗಳನ್ನು ಮತ್ತೆ ತಂದಿದ್ದವು. ಮಸಲ್ ಕಾರು ಎಂದರೆ ಎರಡೇ ಬಾಗಿಲು, ಉದ್ದ ಮೂತಿ, ಮೂತಿಯೊಳಗೆ ಎಂಟು ಸಿಲಿಂಡರಿನ ದೊಡ್ಡ ಎಂಜಿನ್. ನಾಲ್ಕು ಜನ ಕೂರುವ ಗಾಡಿಗೆ ಲಾರಿ ಎಳೆಯುವಷ್ಟು ಶಕ್ತಿ. ನಲವತ್ತು ವರ್ಷ ಹಿಂದಿನ ಆ ಕಾರುಗಳು ಈಗ ಅದೇ ಹೆಸರು, ಅದೇ ಮುಖ, ಅದೇ ಬಣ್ಣದ ಪಟ್ಟಿ ಹಾಕಿಕೊಂಡು ಬಂದವು. ಒಳಗೆ ಮಾತ್ರ ಎಲ್ಲ ಹೊಸತು. ಬಹರೈನಿನ ಹುಡುಗರಿಗೆ ಹುಚ್ಚೇ ಹಿಡಿಯಿತು. ಹಳೇದು ಇದ್ದವರು ಅದನ್ನು ಶೆಡ್ಡಿನಿಂದ ಹೊರಗೆಳೆದರು, ಇಲ್ಲದವರು ಹೊಸದನ್ನು ಕೊಂಡರು. ಎರಡೂ ನಮ್ಮಲ್ಲಿಗೇ ಬರುತ್ತಿದ್ದವು.

ಬೆಳಿಗ್ಗೆ ಹತ್ತರ ಚಾದ ಹೊತ್ತಿಗೆ ನಮ್ಮ ಜಗಳಕ್ಕೆ ಅದೇ ವಿಷಯವಾಯಿತು.

"ಹಳೇದಕ್ಕೆ ಬ್ರೇಕ್ ಉಂಟಾ ಮಾರಾಯ?" ಎನ್ನುತ್ತಿದ್ದರು ಕಾಕ. "ಸನದ್‌ನ ಸಿಗ್ನಲ್‌ಲ್ಲಿ ನಿಲ್ಬೇಕಾದ್ರೆ ಸಿತ್ರದಲ್ಲೇ ಕಾಲಿಡ್ಬೇಕು. ಸ್ಟೇರಿಂಗ್ ತಿರುಗಿಸಿದ್ರೆ ಗಾಡಿಗೆ ಸುದ್ದಿ ಮುಟ್ಲಿಕ್ಕೆ ಸ್ವಲ್ಪ ಹೊತ್ತು ಬೇಕು. ಹೊಸತು ನೋಡು, ಹೇಳಿದಲ್ಲಿ ನಿಲ್ತದೆ, ಹೇಳಿದ ಕಡೆ ಹೋಗ್ತದೆ. ಆಗಸ್ಟ್‌ಲ್ಲಿ ಎಸಿ ಹಾಕಿ ಕೂತ್ಕೊಳ್ಬಹುದು."

"ಹೊಸತಕ್ಕೆ ಮೈ ಉಂಟಾ ಕಾಕ?" ಎನ್ನುತ್ತಿದ್ದೆ ನಾನು. "ಮುಂದೆ ಪ್ಲಾಸ್ಟಿಕ್, ಹಿಂದೆ ಪ್ಲಾಸ್ಟಿಕ್. ಅಜ್ಜನ ಅಂಗಿ ಹಾಕ್ಕೊಂಡು ಫೋಟೋಕ್ಕೆ ನಿಂತ ಮೊಮ್ಮಗ ಅದು. ಅಂಗಿ ಏನೋ ಅಜ್ಜಂದೇ, ಹೊಟ್ಟೆ ಮಾತ್ರ ಇವಂದು."

ಅದು ನಿಜವೂ ಆಗಿತ್ತು. ಹೊಸದು ಹಳೇದಕ್ಕಿಂತ ಎತ್ತರ, ದಪ್ಪ. ಆ ದಪ್ಪ ಕಾಣಬಾರದೆಂದು ಚಕ್ರಗಳನ್ನೂ ದೊಡ್ಡದು ಮಾಡಿದ್ದರು.

ಇದೆಲ್ಲ ನಡೆಯುವಾಗಲೇ ನನ್ನ ಎಡಗೈ ಹೋಗತೊಡಗಿತು.

ಮೊದಲು ಗೊತ್ತಾದದ್ದು ಚಾದಿಂದ. ಕಾಗದದ ಲೋಟದಲ್ಲಿ ಕರಕ್ ಚಾ ಹಿಡಿದು ನಿಂತಿದ್ದೆ. ಒಂದು ಗುಟುಕು ಕುಡಿದಾಗ ನಾಲಿಗೆ ಸುಟ್ಟಿತು. ಬೆರಳುಗಳು ಏನನ್ನೂ ಹೇಳಿರಲಿಲ್ಲ. ಆಮೇಲೆ ಅಂಗಿಯ ಗುಂಡಿ ಹಾಕುವಾಗ ನೋಡಿಕೊಂಡೇ ಹಾಕಬೇಕಾಯಿತು. ಮೊದಮೊದಲು ಎಡಗೈಯ ನಾಲ್ಕು ಬೆರಳ ತುದಿ, ಮತ್ತೆ ಅಂಗೈಯ ಮೇಲುಭಾಗ. ನೋವಿಲ್ಲ, ಉರಿಯಿಲ್ಲ. ಕೈ ಇತ್ತು, ಅಷ್ಟೇ.

ಮನಾಮದ ಒಂದು ಕ್ಲಿನಿಕ್ಕಿಗೆ ಹೋದೆ. ಮಲಯಾಳಿ ಡಾಕ್ಟರು ಕಣ್ಣು ಮುಚ್ಚಲು ಹೇಳಿ, ಸೂಜಿಯ ತುದಿಯಿಂದ ಒಂದೊಂದೇ ಬೆರಳನ್ನು ಮುಟ್ಟುತ್ತ ಹೋದರು. "ಗೊತ್ತಾಗ್ತದಾ?" ಎಂದು ಹಿಂದಿಯಲ್ಲಿ ಕೇಳಿದಾಗಲೆಲ್ಲ ಹೌದು ಎಂದೆ. ಕೊನೆಯ ಹೌದು ಹೇಳಿ ಕಣ್ಣು ತೆರೆದರೆ ಸೂಜಿ ಮೇಜಿನ ಮೇಲಿತ್ತು. ಅವರು ಬೈಯಲಿಲ್ಲ. ಹದಿನೈದು ವರ್ಷ ಗಾಳಿಯ ಒತ್ತಡದಲ್ಲಿ ಅದುರುವ ಮೆಷಿನ್ ಹಿಡಿದು ತಗಡು ಉಜ್ಜಿದ್ದಕ್ಕೆ ನರ ಸತ್ತಿದೆ, ಮೆಷಿನ್ ಬಿಟ್ಟರೆ ಇನ್ನಷ್ಟು ಹೋಗುವುದು ನಿಲ್ಲಬಹುದು, ಹೋದದ್ದು ಬರುವುದು ಕಷ್ಟ ಎಂದರು. ನಾನು ಸರಿ ಎಂದು ಎದ್ದು ಬಂದೆ. ಬಸ್ಸಿನಲ್ಲಿ ಕೂತಾಗ ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದೆ.

ಹಾಗೆ ನೋಡಿದರೆ ಆ ಹೊತ್ತಿಗೆ ಕೈಯೊಂದೇ ಅಲ್ಲ. ಅದಕ್ಕೂ ಒಂದು ವರ್ಷ ಮೊದಲು ಊರಿನಲ್ಲಿ ಅಮ್ಮ ತೀರಿಕೊಂಡಿದ್ದರು. ಫೋನು ಬಂದಾಗ ನನ್ನ ಪಾಸ್‌ಪೋರ್ಟ್ ವೀಸಾ ನವೀಕರಣಕ್ಕೆಂದು ಕಫೀಲನ ಆಫೀಸಿನಲ್ಲಿತ್ತು. ಅದು ಕೈಗೆ ಸಿಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಕ ರೂಮಿಗೆ ಹೋಗಿ ಮಲಗು ಎಂದರು. ನಾನು ಹೋಗಲಿಲ್ಲ, ಒಂದು ಬಾನೆಟ್ಟನ್ನು ಸಂಜೆಯವರೆಗೆ ಉಜ್ಜಿದೆ. ಅಳು ಬರುತ್ತದೆ ಎಂದು ಕಾದೆ. ಒಂದು ವಾರ ಕಾದೆ. ಆಮೇಲೆ ಕಾಯುವುದನ್ನೂ ಬಿಟ್ಟೆ. ಹೆಂಡತಿ ಫೋನಿನಲ್ಲಿ ಮಗಳ ಶಾಲೆ, ಬಾವಿಯ ಪಂಪು ಎಂದು ಏನೇನೋ ಹೇಳುತ್ತಿದ್ದಳು. ನಾನು ಹ್ಞೂಂ ಎನ್ನುತ್ತಿದ್ದೆ. "ಉಂಟಾ ಲೈನಲ್ಲಿ?" ಎಂದು ಅವಳು ಆಗಾಗ ಕೇಳುತ್ತಿದ್ದಳು.

ಕೈಯ ವಿಷಯ ಯಾರಿಗೂ ಹೇಳಲಿಲ್ಲ. ಬಹರೈನಿನಲ್ಲಿರಲು ಬೇಕಾದ ನನ್ನ ಗುರುತಿನ ಚೀಟಿ, ಸಿಪಿಆರ್ ಕಾರ್ಡಿನ ಹಿಂದಿರುವುದು ಈ ಕೈ. ಕೈ ಇಲ್ಲದ ಟಿಂಕರನಿಗೆ ಯಾರು ವೀಸಾ ಹೊಡೆಸುತ್ತಾರೆ? ಗ್ಯಾರೇಜಿನ ಟ್ಯೂಬ್‌ಲೈಟನ್ನು ಬಾಗಿಲಿನ ಹತ್ತಿರ ಹಿಡಿದು, ಅದರ ಪ್ರತಿಬಿಂಬದ ಗೆರೆ ಎಲ್ಲಿ ಬಾಗುತ್ತದೆ ಎಂದು ನೋಡಲು ಕಲಿತೆ. ಇನ್ನೊಂದು ಉಪಾಯ ಕರಿ ಪುಡಿಯದು. ಪ್ರೈಮರಿನ ಮೇಲೆ ತೆಳ್ಳಗೆ ಕರಿ ಪುಡಿ ಸವರಿ, ಮರದ ತುಂಡಿಗೆ ಸುತ್ತಿದ ಉಪ್ಪುಕಾಗದದಿಂದ ಸಮನಾಗಿ ಉಜ್ಜಿದರೆ ಎತ್ತರದಲ್ಲಿದ್ದ ಕಪ್ಪು ಹೋಗುತ್ತದೆ, ತಗ್ಗಿನಲ್ಲಿದ್ದದ್ದು ಉಳಿಯುತ್ತದೆ. ಎಲ್ಲಿ ಕಪ್ಪೋ ಅಲ್ಲಿ ತಗ್ಗು. ಕಲಿಯುವವರು ಮಾಡುವ ಕೆಲಸ ಅದು. ಕಾಕ ಹತ್ತಿರ ಬಂದರೆ ನಾನು ಬನಿಯನ್ ತುಂಡು ಹಿಡಿದು, ಕಣ್ಣು ಮುಚ್ಚಿ, ಬಾಗಿಲು ಸವರುತ್ತ ನಿಲ್ಲುತ್ತಿದ್ದೆ. ನಾಟಕದ ವೇಷ.

ನನ್ನ ಮಾತೂ ಬದಲಾಯಿತು. ಹೊಸ ಕಾರುಗಳಿಗೆ ಕೈ ಬೇಕಿರಲಿಲ್ಲ. ಪೆಟ್ಟಾದ ಭಾಗವನ್ನು ಬಿಚ್ಚುವುದು, ಬಿಸಾಡುವುದು, ಏಜೆನ್ಸಿಯಿಂದ ಪೆಟ್ಟಿಗೆಯಲ್ಲಿ ಬಂದ ಹೊಸದನ್ನು ಕೂರಿಸುವುದು. ತಗ್ಗು ಹುಡುಕುವ ಪ್ರಶ್ನೆಯೇ ಇಲ್ಲ. ಬಣ್ಣ ಹೊಂದಿಸುವುದಕ್ಕೂ ಒಂದು ಮೆಷಿನ್ ಇತ್ತು, ಕಾರಿಗೆ ಮುಟ್ಟಿಸಿದರೆ ಅದೇ ಲೆಕ್ಕ ಹೇಳುತ್ತಿತ್ತು. ಹೊಸ ಗಾಡಿ ಬಂದರೆ "ನಾನು ಮಾಡ್ತೇನೆ" ಎಂದು ನಾನೇ ಮುಂದೆ ಹೋಗುತ್ತಿದ್ದೆ. ಚಾದ ಹೊತ್ತಿನಲ್ಲಿ ಒಮ್ಮೆ, "ಹೊಸತೂ ಪರ್ವಾಗಿಲ್ಲ ಕಾಕ" ಎಂದುಬಿಟ್ಟೆ.

"ಎಂತ ಆಯ್ತು ನಿಂಗೆ? ಜ್ವರ ಉಂಟಾ?" ಎಂದರು ಕಾಕ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಎಡಗೈಯನ್ನು ಜೇಬಿನೊಳಗೆ ಹಾಕಿಕೊಂಡೆ.

ಹಾಜಿ ಬಂದದ್ದು ಆಗ. ಹಿದ್ ಎಂಬ ಊರಿನ ಮುದುಕರು, ತೈಲ ಶುದ್ಧೀಕರಣದ ಕೆಲಸದಲ್ಲಿ ಇದ್ದು ನಿವೃತ್ತರಾದವರು. ಹಿಂದೂಸ್ತಾನಿ ಅಂಗಡಿಗಳಲ್ಲಿ ಓಡಾಡಿ ಕಲಿತ ಮುರುಕು ಹಿಂದಿಯನ್ನು ನಿಧಾನವಾಗಿ ಆಡುತ್ತಿದ್ದರು. ಅವರ ಕಾರು ಟ್ರಕ್ಕಿನ ಮೇಲೆ ಬಂತು. ಎಪ್ಪತ್ತರ ದಶಕದ ಮೊದಲ ಭಾಗದ್ದು, ಕಿತ್ತಳೆ ಬಣ್ಣ, ಬಾನೆಟ್ಟಿನ ಮೇಲೆ ಎರಡು ಕರಿ ಪಟ್ಟಿ. ಮೊದಲ ಸಂಬಳಗಳನ್ನು ಕೂಡಿಸಿ ಕೊಂಡದ್ದಂತೆ. ಸಮುದ್ರದ ಪಕ್ಕದ ಶೆಡ್ಡಿನಲ್ಲಿ ಉಪ್ಪುಗಾಳಿಗೆ ನಿಂತು ಕೆಳಭಾಗ ತುಕ್ಕು ತಿಂದಿತ್ತು. ಟ್ರಕ್ಕಿನ ಹಿಂದೆಯೇ ಅವರ ಮಗಳು ತನ್ನ ಕಾರಿನಲ್ಲಿ ಬಂದಳು. ಬ್ಯಾಂಕಿನಲ್ಲಿ ಕೆಲಸ, ಮೂವತ್ತರ ಒಳಗಿನ ವಯಸ್ಸು. ಅವಳದ್ದೂ ಅದೇ ಕಾರು, ಹೊಸ ಅವತಾರ. ಅದೇ ಕಿತ್ತಳೆ, ಅವೇ ಎರಡು ಪಟ್ಟಿ. ಪಾರ್ಕಿಂಗಿನಲ್ಲಿ ಯಾರೋ ಹಿಂದಿನ ಬಂಪರಿಗೆ ಗೀರಿದ್ದರು, ಅದನ್ನೂ ಮಾಡಿಸಬೇಕಿತ್ತು. ಬಂಪರ್ ಬರುವವರೆಗೆ ಎರಡೂ ಕಾರುಗಳು ನಮ್ಮ ಅಂಗಳದಲ್ಲಿ ಅಕ್ಕಪಕ್ಕ ನಿಂತವು. ಅಷ್ಟು ಹತ್ತಿರದಿಂದ ಎರಡನ್ನೂ ಒಟ್ಟಿಗೆ ನಾನು ನೋಡಿದ್ದು ಆಗಲೇ.

ಹಳೇದರ ಬಾಗಿಲು ತೆರೆಯಲು ಭುಜ ಬೇಕು. ಮುಚ್ಚಿದರೆ ಸದ್ದು ಗ್ಯಾರೇಜಿನ ಆಚೆಗೂ ಕೇಳುತ್ತದೆ. ಗಾಜುಗಳನ್ನು ಇಳಿಸಿದರೆ ಮುಂದಿನ ಕಿಟಕಿಗೂ ಹಿಂದಿನ ಕಿಟಕಿಗೂ ನಡುವೆ ಕಂಬವೇ ಇಲ್ಲ, ಪಕ್ಕವೆಲ್ಲ ಬಯಲು. ಹೊಸದರಲ್ಲಿ ಅಲ್ಲಿ ದಪ್ಪ ಕಂಬ, ಕಿಟಕಿ ಅಂಗೈಯಗಲ, ಒಳಗೆ ಕೂತರೆ ಬಾವಿಯೊಳಗೆ ಕೂತ ಹಾಗೆ. ಆದರೆ ಕಾರು ಮಗುಚಿದರೆ ಉಳಿಸುವುದು ಆ ಕಂಬವೇ ಎಂದು ಕಾಕ ಹೇಳುತ್ತಿದ್ದರು, ಅದೂ ಸರಿ. ಹಳೇದರ ಎಂಜಿನ್ ಶುರುವಾದಾಗ ಇಡೀ ಗಾಡಿ ಒಂದು ಕಡೆಗೆ ವಾಲಿ, ಪೆಟ್ರೋಲಿನ ಹಸಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹೊಸದು ಗುಂಡಿ ಒತ್ತಿದರೆ ಗುಡುಗಿ, ಆಮೇಲೆ ತಾನೇ ಸಂಭಾವಿತನಂತಾಗುತ್ತಿತ್ತು. ಶಕ್ತಿ ಹೊಸದರಲ್ಲೇ ಜಾಸ್ತಿ. ಆದರೆ ಚಕ್ರ ಜಾರದ ಹಾಗೆ ಒಳಗಿನ ಕಂಪ್ಯೂಟರು ಹಿಡಿದುಕೊಂಡಿರುತ್ತಿತ್ತು.

ನಾನು ನೋಡುತ್ತಿದ್ದುದು ಮೈಯನ್ನು. ಹಿಂದಿನ ಚಕ್ರದ ಮೇಲೆ ಸೊಂಟದಂತೆ ಉಬ್ಬುವ ತಗಡು ಎರಡರಲ್ಲೂ ಇತ್ತು. ಹಳೇದರ ಎಡ ಸೊಂಟ ಮತ್ತು ಬಲ ಸೊಂಟ ಒಂದೇ ಅಲ್ಲ, ಬಲಗಡೆಯ ಗೆರೆ ಕೂದಲಿನಷ್ಟು ಮೇಲೆ. ಬಾಗಿಲಿನ ಸಂದು ಮೇಲೆ ಕಿರುಬೆರಳಿನಗಲ, ಕೆಳಗೆ ಹೆಬ್ಬೆರಳಿನಗಲ. ಯಾರೋ ಕೂರಿಸಿ, ಕಾಲಿನಿಂದ ಒದ್ದು, ಸಾಕು ಎಂದು ಬಿಟ್ಟಿದ್ದರು. ಹೊಸದರ ಎರಡೂ ಕಡೆ ಒಂದೇ, ಸಂದುಗಳಲ್ಲಿ ನಾಣ್ಯ ನಿಲ್ಲಿಸಿದರೆ ಎಲ್ಲ ಕಡೆಯೂ ಒಂದೇ ಹಾಗೆ ನಿಲ್ಲುತ್ತಿತ್ತು. ತಪ್ಪು ಹುಡುಕಲು ನನಗೆ ಆಗಲಿಲ್ಲ.

"ಯಾವುದು ಒಳ್ಳೆಯದು?" ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು.

"ಹೊಸದು, ಮೇಡಂ," ಎಂದೆ. ಕಾಕ ಅಲ್ಲೇ ಇದ್ದರು. ಅವರು ನನ್ನ ಮುಖವನ್ನೇ ನೋಡಿದರು.

ಹಳೇದಕ್ಕೆ ಮೈಯೆಲ್ಲ ಹೊಸದಾಗಬೇಕಿತ್ತು. ಬಣ್ಣ ಬರಿ ತಗಡಿನವರೆಗೆ ಕೀಳಬೇಕು, ತುಕ್ಕು ಕತ್ತರಿಸಬೇಕು, ತಗ್ಗುಗಳನ್ನೆಲ್ಲ ತೆಗೆಯಬೇಕು. ಒಂದನ್ನು ಬಿಟ್ಟು. ಹಾಜಿ ನನ್ನನ್ನು ಎಡ ಸೊಂಟದ ಹತ್ತಿರ ಕರೆದು ನಿಲ್ಲಿಸಿದರು.

ಕಾರು ಮನೆಗೆ ಬಂದ ದಿನ ಅವರ ತಾಯಿ ಅಡುಗೆಮನೆಯಲ್ಲಿ ಏಲಕ್ಕಿ ಕುಟ್ಟುತ್ತಿದ್ದರಂತೆ. ಮಗ ಹೇಳದೆ ಕೇಳದೆ ಇಂಥದ್ದೊಂದನ್ನು ತಂದು ಬಾಗಿಲಲ್ಲಿ ನಿಲ್ಲಿಸಿದ್ದನ್ನು ನೋಡಿ, ಕುಟ್ಟಾಣಿಯ ಹಿತ್ತಾಳೆ ಕೋಲನ್ನು ಎರಡು ಕೈಯಲ್ಲಿ ಹಿಡಿದು ಹೊರಗೆ ಬಂದು ಕಾರಿನ ಹಿಂಭಾಗಕ್ಕೆ ಒಂದೇ ಒಂದು ಪೆಟ್ಟು ಕೊಟ್ಟರು. "ನನಗೆ ಹೊಡೆಯಲು ಬಂದದ್ದು. ನಾನು ಸರಿದೆ, ಕಾರು ಸರಿಯಲಿಲ್ಲ," ಎಂದು ಹಾಜಿ ನಕ್ಕರು. ಬಣ್ಣ ಒಡೆದಿರಲಿಲ್ಲ, ಬರೀ ತಗ್ಗು. ತಾಯಿ ಮತ್ತೆ ಇಪ್ಪತ್ತು ವರ್ಷ ಬದುಕಿದ್ದರು. ಆ ಕಾರಿನ ಮುಂದಿನ ಸೀಟು ಬಿಟ್ಟು ಬೇರೆ ಕಡೆ ಕೂತವರಲ್ಲ.

ಅವರು ನನ್ನ ಎಡಗೈಯನ್ನು ಹಿಡಿದು ಆ ಜಾಗದ ಮೇಲಿಟ್ಟರು. "ಇದನ್ನು ಬಿಡು. ಸಿಕ್ಕಿತಾ?"

"ಸಿಕ್ಕಿತು," ಎಂದೆ.

ಏನೂ ಸಿಕ್ಕಿರಲಿಲ್ಲ. ಅವರು ಕೈ ಬಿಟ್ಟ ಮೇಲೆ ಕಣ್ಣಿನಿಂದ ನೋಡಿಟ್ಟುಕೊಂಡೆ: ಹಿಂದಿನ ದೀಪದಿಂದ ಒಂದು ಗೇಣು, ಸೊಂಟದ ಗೆರೆಯಿಂದ ನಾಲ್ಕು ಬೆರಳು ಕೆಳಗೆ. ಆಗಲೇ ಒಂದು ಚೂರು ಟೇಪು ಅಂಟಿಸಿದ್ದರೆ, ಡಿಕ್ಕಿಯ ಒಳಗಡೆ ಒಂದು ಗೆರೆ ಎಳೆದಿದ್ದರೆ ಮುಗಿಯುತ್ತಿತ್ತು. ಕಾಕ ನೋಡುತ್ತಿದ್ದರು. ಗುರುತು ಹಾಕಿದರೆ ನನ್ನ ಕೈ ಹೋಗಿದೆ ಎಂದು ನಾನೇ ಸಾರಿದ ಹಾಗೆ ಎನಿಸಿತು. ಮೇಸ್ತ್ರಿಯ ಹೆಸರಿನಲ್ಲಿ ನನ್ನ ಹೆದರಿಕೆಯನ್ನು ಮುಚ್ಚಿಕೊಂಡೆ.

ಬಣ್ಣ ಕಿತ್ತ ಮೇಲೆ ಬರಿ ತಗಡಿನಲ್ಲಿ ತಗ್ಗು ಕಣ್ಣಿಗೆ ಕಾಣುವುದಿಲ್ಲ. ಪ್ರೈಮರ್ ಹೊಡೆದು, ಕಾಕ ಕಫೀಲನ ಆಫೀಸಿಗೆ ಹೋದ ಒಂದು ಬೆಳಿಗ್ಗೆ ಕರಿ ಪುಡಿ ಸವರಿ ಉಜ್ಜಿದೆ. ಎಡ ಸೊಂಟದಲ್ಲಿ ಎರಡು ಕಪ್ಪು ಕಲೆ ಉಳಿದವು. ಒಂದು ದುಂಡಗೆ, ಇನ್ನೊಂದು ಉದ್ದಕ್ಕೆ. ನಡುವೆ ಒಂದು ಅಂಗೈಯ ಅಂತರ. ಗೇಣು ಹಾಕಿ ಅಳೆಯಲು ಹೋದರೆ ದೀಪದ ಚೌಕಟ್ಟನ್ನು ಬಿಚ್ಚಿಟ್ಟಾಗಿತ್ತು. ಚೌಕಟ್ಟಿನ ಅಂಚು ಇದ್ದ ಜಾಗದಿಂದ ಅಳೆದರೆ ಒಂದು ಕಲೆ, ತಗಡಿನ ಅಂಚಿನಿಂದ ಅಳೆದರೆ ಇನ್ನೊಂದು. ಯಾವುದರಿಂದ ಅಳೆದಿದ್ದೆನೋ ನೆನಪಾಗಲಿಲ್ಲ.

ಕೈ ಇದ್ದಿದ್ದರೆ ಕೇಳುವ ಪ್ರಶ್ನೆಯೇ ಅಲ್ಲ. ಹಿತ್ತಾಳೆ ಬಿದ್ದ ತಗ್ಗಿಗೆ ತಳ ಗಟ್ಟಿ, ಅಂಚು ಚೂಪು. ಯಾರೋ ಒರಗಿ ಆದ ತಗ್ಗು ತಟ್ಟೆಯ ಹಾಗೆ ಸೋಮಾರಿ. ಒಂದು ಸವರಿಕೆಗೆ ಗೊತ್ತಾಗುತ್ತದೆ. ನಾನು ಬನಿಯನ್ ತುಂಡಿಟ್ಟು ಸವರಿದೆ, ಬಟ್ಟೆ ತೆಗೆದು ಸವರಿದೆ. ಬಲಗೈಯಿಂದ ಸವರಿದರೆ ಒರಟು ಅಂಗೈಗೆ ಎರಡೂ ಒಂದೇ. ಕೊನೆಗೆ ತಲೆ ಓಡಿಸಿದೆ. ಕುಟ್ಟಾಣಿಯ ಕೋಲಿನ ತುದಿ ದುಂಡಗೆ, ಆದ್ದರಿಂದ ದುಂಡನೆಯದೇ ತಾಯಿಯದು. ಅದನ್ನು ಬಿಟ್ಟು, ಡಿಕ್ಕಿಯೊಳಗೆ ತೂರಿ, ಹಿಂದಿನಿಂದ ಕಬ್ಬಿಣದ ಗಟ್ಟಿ ಹಿಡಿದು, ಮುಂದಿನಿಂದ ಸುತ್ತಿಗೆಯಿಂದ ತಟ್ಟುತ್ತ ಉದ್ದನೆಯದನ್ನು ಎತ್ತಿದೆ. ತಗಡು ತನ್ನ ಜಾಗಕ್ಕೆ ಬಂದಾಗ ಸದ್ದು ತಿಳಿಯಾಗುತ್ತದೆ. ಕಿವಿಯಿಂದಲೇ ಕೆಲಸ ಮುಗಿಸಿದೆ. ಚೆನ್ನಾಗಿ ಬಂತು. ಪುಟ್ಟಿಯೇ ಬೇಕಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಸ್ವಲ್ಪ ಸಂತೋಷ ಎನ್ನಬಹುದಾದ್ದೇನೋ ಆಯಿತು.

ಹಾಜಿ ಬಂದ ದಿನ ಕಾರು ಅಂಗಳದಲ್ಲಿ ಹೊಳೆಯುತ್ತ ನಿಂತಿತ್ತು. ಪಕ್ಕದಲ್ಲಿ ಮಗಳ ಹೊಸ ಕಾರು. ಕಾಕ ಖುಷಿಯಲ್ಲಿ ಎಲ್ಲರಿಗೂ ಚಾ ಹೇಳಿದ್ದರು. ಹಾಜಿ ಮುಂಭಾಗವನ್ನು ನೋಡಲೇ ಇಲ್ಲ. ನೇರ ಎಡಗಡೆಗೆ ಹೋಗಿ, ಕಣ್ಣು ಮುಚ್ಚಿ, ಬರಿ ಅಂಗೈಯನ್ನು ಸೊಂಟದ ಮೇಲಿಟ್ಟರು. ಕೈ ಒಂದು ಕಡೆ ನಿಂತಿತು. ಅಲ್ಲೇ ಹಿಂದಕ್ಕೆ, ಮುಂದಕ್ಕೆ ಹೋಯಿತು. ಮತ್ತೆ ಒಂದು ಅಂಗೈ ಆಚೆ ಸರಿದು ನಿಂತಿತು.

"ಇದು ಮಗಳ ಸೈಕಲ್," ಎಂದರು. "ಏಳು ವರ್ಷದವಳಿರುವಾಗ ಸೈಕಲ್ ಒರಗಿಸಿದ್ದು. ಅಮ್ಮನದೆಲ್ಲಿ?"

ಹಾಜಿಯ ಅಮ್ಮ ಕೋಲಿನ ತುದಿಯಿಂದ ಹೊಡೆದಿರಲಿಲ್ಲ, ಎರಡು ಕೈಯಲ್ಲಿ ಹಿಡಿದು ಅಡ್ಡಕ್ಕೆ ಹೊಡೆದಿದ್ದರು. ಹಾಜಿ ಮೊದಲೇ ಹೇಳಿದ್ದ ಮಾತು ನನಗೆ ಆಗ ಕೇಳಿಸಿತು.

"ತಪ್ಪಾಯಿತು ಹಾಜಿ," ಎಂದೆ. "ನನ್ನ ಈ ಕೈಗೆ ಏನೂ ಗೊತ್ತಾಗುವುದಿಲ್ಲ. ಒಂದು ವರ್ಷದ ಮೇಲಾಯಿತು. ಅವತ್ತು ನೀವು ಕೇಳಿದಾಗಲೂ ಗೊತ್ತಾಗಿರಲಿಲ್ಲ."

ಹೇಳಿದೆ. ಕಾಕನ ಮುಂದೆಯೇ ಹೇಳಿದೆ. ಹೇಳಿದ ಮೇಲೆ ಏನಾದರೂ ಅನ್ನಿಸಬಹುದು ಎಂದುಕೊಂಡಿದ್ದೆ.

"ಆ ಕುಟ್ಟಾಣಿ ಇದ್ದರೆ ತನ್ನಿ. ಅದೇ ಜಾಗದಲ್ಲಿ, ಅದೇ ಅಳತೆಗೆ ಮಾಡಿಕೊಡುತ್ತೇನೆ," ಎಂದೂ ಹೇಳಿದೆ. ಟಿಂಕರನ ಬಾಯಿಂದ ಬರುವ ಮಾತು ಅದೇ ತಾನೆ.

ಹಾಜಿ ನನ್ನನ್ನು ನೋಡಿದರು. ಕೋಪವೇನೂ ಇರಲಿಲ್ಲ. "ಕುಟ್ಟಾಣಿ ಇದೆ. ಹೊಡೆದವಳನ್ನು ಎಲ್ಲಿಂದ ತರಲಿ?" ಎಂದರು. ಚಾ ಕುಡಿಯದೆ ಹೊರಟರು. ಹಳೇ ಕಾರನ್ನು ಅವರೇ ಓಡಿಸಿಕೊಂಡು ಹೋದರು, ಹಿಂದೆ ಮಗಳು ಹೊಸದರಲ್ಲಿ.

ಅವತ್ತು ಮಧ್ಯಾಹ್ನ ಊಟ ಮಾಡಿ ಕೈ ತೊಳೆದ ಮೇಲೆ ಕಾಕ ಹತ್ತಿರ ಬಂದರು.

"ಮೊದ್ಲೇ ಹೇಳ್ಲಿಕ್ಕೆ ಎಂತ ದಾಡಿ ನಿಂಗೆ?"

"ಹೇಳಿದ್ರೆ ಕಳಿಸ್ತಿದ್ರಿ."

"ಕಳಿಸ್ತಿದ್ದೆನೋ ಇಲ್ವೋ, ನೀನು ಕೇಳಿದ್ಯಾ?" ಎಂದರು. ಕೈ ಒರೆಸಿಕೊಳ್ಳುತ್ತ, "ನಾಳೆಯಿಂದ ಹೊಸ ಗಾಡಿ ಮಾತ್ರ ಮುಟ್ಟು. ಹಳೇದು ಬೇಡ. ಮೆಷಿನ್ ಹಿಡೀಬೇಡ ಆಯ್ತಾ," ಎಂದರು. ನನಗೆ ಉಪಕಾರವೇ ಮಾಡಿದರು. ಕೆಲಸ ಉಳಿಯಿತು, ಕಸುಬು ಹೋಯಿತು. ಮರುದಿನ ನಾನು ಒಂದು ಹೊಸ ಕಾರಿನ ಬಾಗಿಲನ್ನು ಪೆಟ್ಟಿಗೆಯಿಂದ ತೆಗೆದು ಕೂರಿಸಿದೆ. ನಟ್ಟು ಬಿಗಿಯುವಾಗ ಕಣ್ಣಿನಿಂದಲೇ ನೋಡಿಕೊಂಡು ಬಿಗಿದೆ. ಸರಿಯಾಗಿಯೇ ಕೂತಿತು.

ಹತ್ತು ದಿನ ಬಿಟ್ಟು ಶನಿವಾರ ಬೆಳಿಗ್ಗೆ ಹಾಜಿ ಮತ್ತೆ ಬಂದರು. ಒಬ್ಬರೇ, ಹಳೇ ಕಾರಿನಲ್ಲಿ. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಹಿತ್ತಾಳೆ ಕೋಲು. ನಮ್ಮೂರ ಕುಟ್ಟಾಣಿಯದಕ್ಕಿಂತ ಉದ್ದ, ಒಂದು ಮೊಳಕ್ಕೆ ಸ್ವಲ್ಪ ಕಡಿಮೆ. ಹಿಡಿದು ಹಿಡಿದು ನಡುವೆ ಸವೆದಿತ್ತು.

"ಮಗಳಿಗೆ ಹೊಡಿ ಎಂದೆ. ಅವಳು ನಗುತ್ತಾಳೆ, ಆಗುವುದಿಲ್ಲ ಎನ್ನುತ್ತಾಳೆ," ಎಂದರು. "ನನಗೆ ಈಗ ಭುಜ ಏಳುವುದಿಲ್ಲ. ನೀನು ಹೊಡಿ."

"ಬಣ್ಣ ಒಡೆದರೆ?"

"ಒಡೆಯಲಿ."

ಅವರು ಬೆರಳಿಟ್ಟು ಜಾಗ ತೋರಿಸಿದರು. ಕಾಕ ಎಂಜಿನ್ನಿನಿಂದ ತಲೆ ಎತ್ತಿ ನೋಡಿದರು. ನಾನು ಕೋಲನ್ನು ಎರಡು ಕೈಯಲ್ಲಿ ಹಿಡಿದೆ. ಎಡಗೈ ಸರಿಯಾಗಿ ಹಿಡಿದಿದೆಯೇ ಎಂದು ನೋಡಿಕೊಂಡೆ. ಹೊಡೆದೆ. ಕೋಲು ಪುಟಿದು ಬಂತು, ತಗಡಿಗೆ ಏನೂ ಆಗಲಿಲ್ಲ. ಹಳೇ ಕಾಲದ ದಪ್ಪ ತಗಡು. ಜೀವಮಾನವಿಡೀ ತಗ್ಗು ತೆಗೆದವನಿಗೆ ತಗ್ಗು ಮಾಡಲು ಕೈ ಏಳುವುದಿಲ್ಲ.

"ಹೀಗಲ್ಲ," ಎಂದರು ಹಾಜಿ. "ಅಮ್ಮನಿಗೆ ಕೋಪ ಬಂದಿತ್ತು. ಕೋಪದಿಂದ ಹೊಡಿ."

ನಾನು ಕೋಪವನ್ನು ಹುಡುಕಿದೆ. ಸಕ್ಕರೆ ಜಾಸ್ತಿಯಾದರೆ ಸಿಡುಕುತ್ತಿದ್ದವನು ನಾನು. ಸೂಜಿಯ ಡಾಕ್ಟರನ್ನು ನೆನೆದೆ. ಹದಿನೈದು ವರ್ಷ ಹಿಡಿದ ಮೆಷಿನನ್ನು ನೆನೆದೆ. ಆಫೀಸಿನ ಕಪಾಟಿನಲ್ಲಿದ್ದ ಪಾಸ್‌ಪೋರ್ಟನ್ನು, ಆ ಫೋನನ್ನು, ಅಮ್ಮನ ಮುಖವನ್ನು ನೆನೆದೆ. ನನ್ನ ಅಮ್ಮ ನನಗೆ ಹೊಡೆದವರಲ್ಲ. ಹೊಡೆದಿದ್ದರೆ ಒಂದು ಗುರುತಾದರೂ ಇರುತ್ತಿತ್ತು. ಏನೂ ಬರಲಿಲ್ಲ. ಎರಡನೇ ಪೆಟ್ಟೂ ಹಾಗೆಯೇ ಹೋಯಿತು. ಮೂರನೆಯದಕ್ಕೆ, ಇದೊಂದು ಮುಗಿದರೆ ಸಾಕು ಎಂದು ಮೈಯ ಭಾರವನ್ನೆಲ್ಲ ಹಾಕಿದೆ. ತಗಡು ಒಳಗೆ ಹೋಯಿತು. ಬಣ್ಣ ಒಡೆಯಲಿಲ್ಲ.

ಹಾಜಿ ಕಣ್ಣು ಮುಚ್ಚಿ ಅಂಗೈ ಇಟ್ಟರು. ಬಹಳ ಹೊತ್ತು ಇಟ್ಟರು. ಅವರ ತುಟಿ ಅಲ್ಲಾಡುತ್ತಿತ್ತು, ಪ್ರಾರ್ಥನೆಯೋ ಲೆಕ್ಕವೋ ತಿಳಿಯಲಿಲ್ಲ.

"ಇದು ಅವಳದ್ದಲ್ಲ," ಎಂದರು.

"ಎತ್ತಿಬಿಡಲೇ ಹಾಜಿ? ಅರ್ಧ ಗಂಟೆಯ ಕೆಲಸ."

"ಬೇಡ. ಇದು ನಿನ್ನದು. ಇರಲಿ."

ಅವರು ನನ್ನ ಎಡಗೈಯನ್ನು ಹಿಡಿದು, ಮೊದಲ ದಿನ ಇಟ್ಟ ಹಾಗೆಯೇ, ಆ ತಗ್ಗಿನ ಮೇಲಿಟ್ಟು ಮೇಲಿನಿಂದ ತಮ್ಮ ಕೈ ಒತ್ತಿದರು.

"ಸಿಕ್ಕಿತಾ?"

"ಇಲ್ಲ ಹಾಜಿ," ಎಂದೆ.

ಅವರು ಕೈ ತೆಗೆಯಲಿಲ್ಲ. ಕೆಳಗೆ ನನ್ನ ಕೈ, ಅದರ ಮೇಲೆ ಅವರ ಕೈ, ಹಿಂಗೈಯಲ್ಲಿ ನರಗಳು ಎದ್ದು ಕಾಣುತ್ತಿದ್ದವು. ಅವರು ಒತ್ತಿ ಹಿಡಿದಿದ್ದಾರೆ ಎಂದು ನನಗೆ ಗೊತ್ತಾದದ್ದು ನೋಡಿದ್ದರಿಂದ.